ಬಲಗೈ, ಎಡಗೈ ಮತ್ತು ಹರಾಜಿನ ಕುಂಬಳಕಾಯಿ

ಚರ್ಚಿನ ಕಾಣಿಕೆ ಚೀಲವನ್ನು ಮೊದಲು ಹೊಲಿದವನು ಮನುಷ್ಯರನ್ನು ಚೆನ್ನಾಗಿ ಬಲ್ಲವನಿರಬೇಕು. ಮೆತ್ತನೆಯ ಮಖಮಲ್ಲು, ಗೇಣುದ್ದದ ಆಳ. ಮುಷ್ಟಿ ಒಳಗೆ ಹೋದದ್ದು ಸಾಲಿನವರಿಗೆಲ್ಲ ಕಾಣುತ್ತದೆ, ಮುಷ್ಟಿಯಲ್ಲಿ ಇದ್ದದ್ದು ಯಾರಿಗೂ ಕಾಣುವುದಿಲ್ಲ. ನಾಲ್ಕು ಮಡಿಕೆಯಾದ ಹತ್ತರ ನೋಟನ್ನೂ ಐನೂರರ ಗಾಂಭೀರ್ಯದಿಂದ ಇಳಿಬಿಡಬಹುದು. ಚೀಲದ ಬದಲು ತಟ್ಟೆ ಹಿಡಿಯುವ ಸಭೆಗಳಲ್ಲಿ ಈ ಅನುಕೂಲವಿಲ್ಲ. ಅಲ್ಲಿ ತಟ್ಟೆ ಹತ್ತಿರ ಬಂದಾಗಲೇ ಅನೇಕರಿಗೆ ಪ್ರಾರ್ಥನೆಯ ಆವೇಶ ಬಂದು ಕಣ್ಣು ಮುಚ್ಚಿಹೋಗುತ್ತದೆ.

ಕೇಳಿದರೆ ವಚನ ನಾಲಿಗೆಯ ತುದಿಯಲ್ಲೇ ಇದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಮತ್ತಾಯ ಆರನೇ ಅಧ್ಯಾಯ. ಇಡೀ ಬೈಬಲಿನಲ್ಲಿ ಇಷ್ಟು ಶ್ರದ್ಧೆಯಿಂದ ಪಾಲನೆಯಾಗುವ ಮಾತು ಇನ್ನೊಂದಿರಲಾರದು. ಎಡಗೈಗೆ ತಿಳಿದರೆ ಅದು ನಾಚಿಕೆಯಿಂದ ಜೇಬಿನಿಂದ ಹೊರಗೇ ಬರಲಿಕ್ಕಿಲ್ಲ. ಹಾಲು ಏರಿತು, ಗ್ಯಾಸು ಏರಿತು, ಆಟೋ ಮೀಟರ್ ಏರಿತು. ಕಾಣಿಕೆಯ ಹತ್ತು ರೂಪಾಯಿ ಮಾತ್ರ ಅಪ್ಪನ ಕಾಲದಲ್ಲೂ ಅಷ್ಟೇ, ಮಗನ ಕಾಲದಲ್ಲೂ ಅಷ್ಟೇ. ಈಚೆಗೆ ಬಾಗಿಲ ಬಳಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಅದರಲ್ಲಿ ಹತ್ತು ರೂಪಾಯಿ ಹಾಕಿದರೆ ಖಜಾಂಚಿಯ ಮೊಬೈಲಿಗೆ ಹೆಸರು ಸಮೇತ ಸುದ್ದಿ ಮುಟ್ಟುತ್ತದೆ. ಹಾಗಾಗಿ ಅನೇಕರಿಗೆ ಚರ್ಚಿನ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ.

ಇದೇ ಜನರನ್ನು ಸುಗ್ಗಿ ಹಬ್ಬದ ದಿನ ನೋಡಬೇಕು. ಹೊಲ ಮಾರಿ ಸೈಟು ಮಾಡಿದವರ ಸುಗ್ಗಿ ಅದು. ಮಾರ್ಕೆಟ್ಟಿನಿಂದ ತಂದ ಬಾಳೆಗೊನೆ, ಕಬ್ಬು, ಊರಕೋಳಿ, ಯಾರೋ ಮನೆಯಲ್ಲಿ ಮಾಡಿದ ಕೇಕು, ಮಧ್ಯದಲ್ಲಿ ಒಂದು ಬೂದುಗುಂಬಳ. ಆರಾಧನೆ ಮುಗಿದು ಹರಾಜು ಶುರುವಾದರೆ, ವರ್ಷವಿಡೀ ಚೀಲದೊಳಗೆ ಅಡಗಿದ್ದ ಬಲಗೈ ಕಂಬದ ಎತ್ತರಕ್ಕೆ ಏಳುತ್ತದೆ.

"ಸಾವಿರದ ಐನೂರು ಒಂದು ಸಲ! ಬಿಡಬೇಡಿ ಅಣ್ಣಾ, ನಿಮ್ಮ ಬೀಗರು ನೋಡ್ತಾ ಇದ್ದಾರೆ!"

"ಎರಡು ಸಾವಿರ!"

ಕುಂಬಳಕಾಯಿ ಮೂರು ಸಾವಿರಕ್ಕೆ ನಿಲ್ಲುತ್ತದೆ. ಹಿಡಿದವರು ಅದನ್ನು ತಲೆಯ ಮೇಲೆತ್ತಿ ತೋರಿಸಿ, "ಸಭೆಗೇ ವಾಪಸ್, ಮತ್ತೆ ಕೂಗಿ" ಅನ್ನುತ್ತಾರೆ. ಚಪ್ಪಾಳೆ. ಒಂದೇ ಕುಂಬಳಕಾಯಿ ಮೂವರ ಮಾನ ಉಳಿಸಿ, ಕೊನೆಗೆ ಸಭಾಪಾಲಕರ ಮನೆಯ ಹುಳಿಗೆ ಬೀಳುತ್ತದೆ. ಮತ್ತಾಯ ಆರನೇ ಅಧ್ಯಾಯಕ್ಕೆ ಆ ದಿನ ರಜೆ. ಕೆಟ್ಟದ್ದೇನೂ ಅಲ್ಲ, ಆ ದುಡ್ಡಿನಿಂದ ಮಾಡಿನ ಸೋರಿಕೆ ನಿಲ್ಲುತ್ತದೆ, ಆರ್ಗನ್ ರಿಪೇರಿಯಾಗುತ್ತದೆ. ಕುಂಬಳಕಾಯಿಗೆ ಮೂರು ಸಾವಿರ ಕೊಟ್ಟವರು ಮುಂದಿನ ಭಾನುವಾರ ಮತ್ತೆ ಹತ್ತರ ನೋಟು ಮಡಿಸುತ್ತಾರೆ ಅನ್ನುವುದಷ್ಟೇ ತಮಾಷೆ.

ಇನ್ನು ದಶಮಾಂಶ. ಹತ್ತರಲ್ಲಿ ಒಂದು ಪಾಲು ಸರಿ, ಆದರೆ ಯಾವ ಹತ್ತು? ಪಿಎಫ್, ಟಿಡಿಎಸ್ ಕಳೆಯುವ ಮೊದಲಿನದೋ, ಕಳೆದ ಮೇಲಿನದೋ? ಮೊದಲಿನದು ಎಂಬುದು ವೇದಿಕೆಯ ಪಕ್ಷ. ಮನೆಸಾಲದ ಕಂತೂ ಕಳೆದ ಮೇಲಿನದು ಎಂಬುದು ಬೆಂಚಿನ ಪಕ್ಷ. ಅಬ್ರಹಾಮ ಯಾಜಕ ಮೆಲ್ಕಿಜೆದೇಕನಿಗೆ ಹತ್ತನೇ ಪಾಲು ಕೊಟ್ಟದ್ದು ಯುದ್ಧದಿಂದ ಬಂದ ಮಾಲಿನಲ್ಲಿ, ಅವನಿಗೆ ಸಂಬಳದ ಚೀಟಿಯ ತಕರಾರಿರಲಿಲ್ಲ.

ವೇದಿಕೆಯವರು ಈ ವಿಷಯಕ್ಕೆ ಬಂದರೆ ಮಲಾಕಿಯ ಮೂರನೇ ಅಧ್ಯಾಯ ತೆರೆಯುತ್ತಾರೆ. ಕೊಡದವರು ದೇವರಿಂದಲೇ ಕದ್ದವರು ಎಂಬ ಗದರಿಕೆ ಅಲ್ಲಿದೆ. ಧರ್ಮೋಪದೇಶಕಾಂಡದ ಹದಿನಾಲ್ಕನೇ ಅಧ್ಯಾಯವನ್ನು ಮಾತ್ರ ತೆರೆಯುವುದಿಲ್ಲ. ಅಲ್ಲಿಯ ಪ್ರಕಾರ ಹತ್ತನೇ ಪಾಲನ್ನು ದೇವರ ಸನ್ನಿಧಿಯಲ್ಲಿ ಕೊಟ್ಟವರೇ ಕೂತು ಉಣ್ಣಬೇಕು. ದಾರಿ ದೂರವಾದರೆ ಮಾರಿ ಹಣ ಮಾಡಿಕೊಂಡು ಹೋಗಿ, ದನವೋ ಕುರಿಯೋ ದ್ರಾಕ್ಷಾರಸವೋ ಮದ್ಯವೋ, ಮನಸ್ಸಿಗೆ ಬಂದದ್ದನ್ನು ಕೊಂಡು ಮನೆಮಂದಿಯೊಡನೆ ಸಂತೋಷಪಡಬೇಕು. ಬಾಗಿಲಲ್ಲಿರುವ ಲೇವಿಯನನ್ನು, ಅಂದರೆ ದೇವಾಲಯದ ಸೇವೆಯ ಕುಲದವನನ್ನು, ಮರೆಯಬಾರದು. ಮೂರನೇ ವರ್ಷದ ಪಾಲು ಊರಲ್ಲೇ ಉಳಿದು ಲೇವಿಯನಿಗೆ, ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಹೊಟ್ಟೆತುಂಬ ಸಿಗಬೇಕು. ಇದನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ದಶಮಾಂಶದ ಪ್ರಸಂಗಕ್ಕೆ ಬೆಂಚು ಸಾಲುವುದಿಲ್ಲ.

ಕಟ್ಟಡ ನಿಧಿಯ ಕಾಲದಲ್ಲಿ ಈ ಆಯ್ದು ಓದುವ ಕಲೆ ಶಿಖರಕ್ಕೇರುತ್ತದೆ. ಹಳೆಯ ಹಂಚಿನ ಚರ್ಚು ಚಿಕ್ಕದಾಯಿತು, ಕಾಂಕ್ರೀಟಿನದು ಬೇಕು. ಆ ಹಂಚಿನ ಹಿಂದಿರುವ ಬಾಸೆಲ್ ಮಿಶನ್ ಸಂಸ್ಥೆಯ ಮೊದಲ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಅವರ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಆ ಮಿಶನ್ನಿಗೆ ದುಡ್ಡು ಬರುತ್ತಿದ್ದ ದಾರಿಗಳಲ್ಲಿ ಒಂದಕ್ಕೆ ಅರ್ಧ ಬಾಟ್ಸನ್ ವಂತಿಗೆ ಎಂದು ಹೆಸರು. ಬಾಸೆಲ್ ಕಡೆಯ ಸಾಮಾನ್ಯ ಜನ ವಾರಕ್ಕೊಂದು ಅರ್ಧ ಬಾಟ್ಸನ್ ಎಂಬ ಚಿಲ್ಲರೆ ನಾಣ್ಯ ಎತ್ತಿಡುತ್ತಿದ್ದರು. ಆ ಚಿಲ್ಲರೆಯವರ ಹೆಸರು ನಮ್ಮ ಯಾವ ಗೋಡೆಯ ಮೇಲೂ ಇಲ್ಲ. ಈಗ ಗೋಡೆಗೆ ದರಪಟ್ಟಿ ಇದೆ. ಇಷ್ಟು ಕೊಟ್ಟರೆ ಅಮೃತಶಿಲೆಯಲ್ಲಿ ಹೆಸರು, ಅಷ್ಟು ಕೊಟ್ಟರೆ ಬೆಂಚಿನ ಬೆನ್ನಿಗೆ ಹೆಸರು, ಇನ್ನೂ ಕಡಿಮೆಯಾದರೆ ಫ್ಯಾನಿನ ರೆಕ್ಕೆಗೆ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ ಎಂದು ಸೆಖೆಯಲ್ಲೂ ಸ್ವಿಚ್ ಹಾಕಗೊಡದ ದಾನಿಗಳಿದ್ದಾರಂತೆ.

ಈ ನಿಧಿಗಾಗಿ ಮಾಡುವ ಪ್ರಸಂಗ ಒಂದೇ, ಬಡ ವಿಧವೆಯ ಎರಡು ಕಾಸು. ಇದ್ದದ್ದನ್ನೆಲ್ಲ ಹಾಕಿದಳು, ನೀವೂ ಹಾಕಿ. ಮಾರ್ಕನ ಹನ್ನೆರಡನೇ ಅಧ್ಯಾಯದ ಈ ಕಥೆಯನ್ನು ಬಹಳ ನಾಜೂಕಾಗಿ ಕತ್ತರಿಸಿ ಇಡಲಾಗಿದೆ. ಮೇಲಿನ ಸಾಲಿನಲ್ಲೇ ಯೇಸು, ಉದ್ದುದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಬೈದು ಮುಗಿಸಿರುತ್ತಾನೆ. ಆಮೇಲೆ ಕಾಣುವವಳು ಈಕೆ. ಅವಳ ಮನೆಯನ್ನು ನುಂಗಿದವರು ಯಾರು ಎಂದು ಬೆಂಚಿನಿಂದ ಯಾರೂ ಕೇಳುವುದಿಲ್ಲ. ನಮ್ಮ ಸಭೆಗಳಲ್ಲಿ ಅವಳಂಥ ಅಜ್ಜಿ ಎಲ್ಲಿದ್ದಾಳೆ ಎಂದು ಹುಡುಕಿದರೆ, ಕೆಲವು ಕಡೆ ಚಂದಾ ಬಾಕಿಯವರ ಪಟ್ಟಿಯಲ್ಲಿ ಸಿಗುತ್ತಾಳೆ. ಬಾಕಿ ಇರುವುದರಿಂದ ಕಮಿಟಿ ಚುನಾವಣೆಯಲ್ಲಿ ಅವಳಿಗೆ ಓಟಿಲ್ಲ. ಪ್ರಸಂಗದಲ್ಲಿ ಮಾತ್ರ ವರ್ಷಕ್ಕೊಮ್ಮೆ ಪಾತ್ರ.

ಕಥೆಯ ಕೆಳಗಿನ ಸಾಲಿನದೂ ಅದೇ ಗತಿ. ಆಕೆ ಕಾಸು ಹಾಕಿ ಹೋದ ಮೇಲೆ, ದೇವಾಲಯದಿಂದ ಹೊರಗೆ ಬರುತ್ತ ಶಿಷ್ಯನೊಬ್ಬ ಎಂಥ ಕಲ್ಲುಗಳು, ಎಂಥ ಕಟ್ಟಡ ಎಂದು ಬಾಯಿಬಿಟ್ಟು ನೋಡುತ್ತಾನೆ. ಇದರಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂಬುದು ಯೇಸುವಿನ ಉತ್ತರ. ಆ ಶಿಷ್ಯ ನಮ್ಮಲ್ಲಿದ್ದಿದ್ದರೆ ಬಿಲ್ಡಿಂಗ್ ಕಮಿಟಿಗೆ ಅವಿರೋಧವಾಗಿ ಕಾರ್ಯದರ್ಶಿಯಾಗುತ್ತಿದ್ದ. ಉತ್ತರ ಕೊಟ್ಟವನಿಗೆ ಮಾತ್ರ, ಚಂದಾ ರಸೀದಿ ತೋರಿಸುವ ತನಕ, ಮೀಟಿಂಗಿನಲ್ಲಿ ಮಾತಾಡಲು ಬಿಡುತ್ತಿರಲಿಲ್ಲ.