ಕೈ ಮುಗಿಯುವ ಕಾಕಾ

ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ಎಕ್ಸ್‌ರೇ ಹಿಡಿದು, ಯಾರೂ ಕೇಳದಿದ್ದರೂ ‘ಇದು ಪ್ಲೇಟು, ಇವು ಸ್ಕ್ರೂ’ ಎಂದು ತೋರಿಸುವ ಹಿರಿಯರೊಬ್ಬರು ನಿಮಗೂ ಸಿಕ್ಕಿರಬೇಕು. ಅವರ ಹೆಸರು ಏನೇ ಇರಲಿ, ನಮಗೆಲ್ಲ ಅವರು ಕಾಕಾ. ಇಳಕಲ್ಲಿಗೊಬ್ಬರೇ ಅಂತಲ್ಲ, ಹುನಗುಂದಕ್ಕೂ ಒಬ್ಬರಿದ್ದಾರೆ, ಬಾದಾಮಿಗೂ ಇದ್ದಾರೆ. ಗುಣವಾದ ಮೇಲೆ ದವಾಖಾನೆಯ ಹಾದಿಯನ್ನೇ ಮರೆಯುವವರು ಬಹಳ. ಕಾಕಾ ಮಾಡಿದ ಉಪಕಾರ ಮರೆಯುವವರಲ್ಲ. ಉಪಕಾರ ಮಾಡಿದವರಿಗೆ ಈಗ ಅದೇ ಕಷ್ಟ.

ಕೈ ಮುರಿದದ್ದು ಬನಶಂಕರಿ ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಅಲ್ಲಿ ವಾರಗಟ್ಟಲೆ ನಾಟಕ ಕಂಪನಿಗಳ ಗದ್ದಲ. ರಾತ್ರಿಯಿಡೀ ನಾಟಕ ನೋಡಿ ನಸುಕಿನಲ್ಲಿ ಅಳಿಯನ ಬೈಕಿನ ಹಿಂದೆ ಕೂತು ಬರುವಾಗ ಅಡ್ಡ ಬಂದದ್ದು ನಾಯಿ. ಕ್ಯಾಜುವಲ್ಟಿಯಲ್ಲಿ ಬರೆಸಿದ್ದೂ ನಾಯಿ ಅಂತಲೇ. ವಾರ್ಡಿಗೆ ಬರುವಷ್ಟರಲ್ಲಿ ಅದು ಎಮ್ಮೆಯಾಗಿತ್ತು. ಡಿಸ್ಚಾರ್ಜ್ ಹೊತ್ತಿಗೆ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ದೀಪವಿಲ್ಲದೆ, ಹಾಡು ಮಾತ್ರ ಎರಡೂರಿಗೆ ಕೇಳುವಂತೆ ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ಕಂಡ ನಮ್ಮ ಜಿಲ್ಲೆಯವರು ಯಾರೂ ಅನುಮಾನ ಪಡಲಿಲ್ಲ.

ಎಡತೋಳಿನ ಎಲುಬು ನಟ್ಟನಡುವೆ ಮುರಿದಿತ್ತು. ಆ ಎಲುಬಿನ ಬೆನ್ನಿಗೆ ಅಂಟಿಕೊಂಡೇ ಸುತ್ತಿ ಇಳಿಯುವ ರೇಡಿಯಲ್ ನರಕ್ಕೂ ಪೆಟ್ಟು ಬಿದ್ದಿತ್ತು. ಆ ನರ ಮುನಿದರೆ ಮಣಿಕಟ್ಟು ಮೇಲೇಳುವುದಿಲ್ಲ, ಹಸ್ತ ಜೋತುಬೀಳುತ್ತದೆ. ಇಂಥ ಮುರಿತವಾದ ನೂರು ಮಂದಿಯಲ್ಲಿ ಹತ್ತು ಹನ್ನೆರಡು ಜನರಿಗೆ ಹೀಗಾಗುವುದುಂಟು. ಹೆಚ್ಚಿನವರಿಗೆ ಶಕ್ತಿ ತಿರುಗಿ ಬರುತ್ತದೆ, ಆದರೆ ನರ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಎಂದು ಡಾಕ್ಟರು ತಿಳಿಸಿ ಹೇಳಿದರು. ಕಾಕಾ ಲೆಕ್ಕ ಹಾಕಿ, “ಹಂಗಾರ ನಮ್ಮೂರ ರಸ್ತೆ ಗುತ್ತಿಗೆದಾರನಕಿಂತ ಜೋರ ಐತಿ ಬಿಡ್ರಿ” ಎಂದು ಸಮಾಧಾನ ಪಟ್ಟರು.

ಆಪರೇಷನ್ನಿಗೆ ಪೂರ್ತಿ ಎಚ್ಚರ ತಪ್ಪಿಸಿರಲಿಲ್ಲ. ಕೊರಳಿನ ಬುಡದಲ್ಲಿ ಸೂಜಿ ಹಾಕಿ ತೋಳಷ್ಟನ್ನೇ ಮರಗಟ್ಟಿಸಿದ್ದರು. ಹೀಗಾಗಿ ಪರದೆಯ ಈಚೆ ಕಾಕಾ ಪೂರಾ ಎಚ್ಚರ; ಆಚೆ ಡ್ರಿಲ್ಲಿನ ಸಪ್ಪಳ. ಮೊದಲ ಸ್ಕ್ರೂ ಕೂತಾಗಿನಿಂದಲೇ ಉಪಕಾರ ಸ್ಮರಣೆ ಶುರು. “ಯಪ್ಪಾ, ನೀವು ದೇವರ ಅದೀರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ. ನಿಮ್ಮ ಊರು ಯಾವುದ್ರಿ?” ಮೂರನೆಯ ಸ್ಕ್ರೂಗೆ ಡಾಕ್ಟರು ಕಣ್ಸನ್ನೆ ಮಾಡಿದರು, ಕಾಕಾಗೆ ಸ್ವಲ್ಪ ನಿದ್ದೆ ಬರುವ ಔಷಧಿ ಹೋಯಿತು.

ನಿಜವಾದ ಪೇಚು ಆಮೇಲೆ. ನಮ್ಮಲ್ಲಿ ಯಾರಿಗಾದರೂ ಉಪಕಾರ ನೆನೆಯಬೇಕಾದರೆ ಮೊದಲು ಕೈ ಮುಗಿಯಬೇಕು. ಅದಕ್ಕೆ ಎರಡು ಕೈ ಬೇಕು, ಅದರಲ್ಲೂ ಎರಡು ಮಣಿಕಟ್ಟು ಬೇಕು. ರೌಂಡ್ಸಿಗೆ ಬಂದ ಡಾಕ್ಟರಿಗೆ ಕಾಕಾ, “ನಿಮಗ ಕೈ ಮುಗೀತೀನ್ರಿ ಸಾಹೇಬ್ರ” ಎಂದರು. ಕೇಸ್ ಪೇಪರಿನಿಂದ ಕಣ್ಣೆತ್ತದೆ ಅವರು, “ಮುಗೀರಿ, ನೋಡೂಣು” ಎಂದರು. ಬಲಗೈ ಎದೆಯ ಹತ್ತಿರ ಬಂದು ನಿಂತಿತು, ಎಡಗೈ ಹಾಸಿಗೆಯ ಮೇಲೆ ಸುಮ್ಮನೆ ಮಲಗಿತ್ತು. ಡಾಕ್ಟರು ಏನೋ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು.

ಆ ಎರಡು ಕೈ ಕೂಡಿಸುವ ಕೆಲಸ ಬಿದ್ದದ್ದು ಫಿಜಿಯೋ ಹುಡುಗನ ತಲೆಯ ಮೇಲೆ. ಅಂಗೈಗೆ ಅಂಗೈ ಹಚ್ಚು, ಮೊಳಕೈ ಅಗಲಿಸು, ಹಾಗೇ ಕೈಯನ್ನು ಹೊಟ್ಟೆಯ ಕಡೆ ಇಳಿಸು, ಮೂವತ್ತು ಎಣಿಸು. ಮಣಿಕಟ್ಟು ಬಿಗಿಯದಂತೆ ಮಾಡಿಸುವ ಈ ವ್ಯಾಯಾಮ ನೋಡಿದವರಿಗೆ ಥೇಟ್ ನಮಸ್ಕಾರ. ಕಾಕಾ ಜೀವಮಾನದಲ್ಲಿ ಅತಿ ಹೆಚ್ಚು ಕೈ ಮುಗಿದದ್ದು ಆ ಹುಡುಗನ ಮುಂದೆ. ಅತಿ ಹೆಚ್ಚು ಬೈದದ್ದೂ ಅವನನ್ನೇ. “ತಮ್ಮಾ, ನಿನಗ ಹೆಣ್ಣ ಯಾರ ಕೊಡ್ತಾರೋ ನೋಡ್ತೀನಿ!” ಹುಡುಗ ನಗುತ್ತ, “ಇಪ್ಪತ್ತೆರಡ ಆತ್ರಿ ಕಾಕಾ, ಇನ್ನ ಎಂಟ” ಎನ್ನುತ್ತಿದ್ದ. ನನ್ನನ್ನು ಕೇಳಿದರೆ ಪ್ಲೇಟು ಕೂಡಿಸಿದವರಿಗಿಂತ ಒಂದು ಗುಂಜಿ ಹೆಚ್ಚು ಪುಣ್ಯ ಈ ಹುಡುಗನದು. ಆದರೆ ನೋವು ಕೊಟ್ಟವರಿಗೆ ಹಾರ ಹಾಕುವ ರೂಢಿ ನಮ್ಮಲ್ಲಿಲ್ಲ.

ಹಾರ, ಶಾಲು, ಪೇಟ ಎಲ್ಲ ಡಾಕ್ಟರಿಗೆ. ಕಾಕಾ ನೇಕಾರರ ಮನೆಯವರು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುವ ಕೈಚಳಕ ಬಲ್ಲವರು. “ನೀವು ನನ್ನ ಎಲಬಿಗೆ ಹಾಕಿದ್ದು ಕೊಂಡಿನ ರೀ ಸಾಹೇಬ್ರ” ಎಂದು ಹೊಗಳಿ, ತೋಪತೆನಿ ಸೆರಗಿನ ಸೀರೆಯೊಂದನ್ನು ‘ಬಾಯಾರಿಗೆ’ ಅಂತ ಮೇಜಿನ ಮೇಲಿಟ್ಟರು. ಡಾಕ್ಟರಿಗೆ ಇನ್ನೂ ಮದುವೆಯಾಗಿರಲಿಲ್ಲ. ಕಾಕಾ ಆ ಜವಾಬ್ದಾರಿಯನ್ನೂ ತಮ್ಮ ಮೇಲೆ ಎಳೆದುಕೊಂಡರು. ಈಗ ತಪಾಸಣೆಗೆ ಹೋದಾಗಲೆಲ್ಲ ಎಕ್ಸ್‌ರೇ ಜೊತೆ ಒಂದೆರಡು ಜಾತಕವೂ ಹೋಗುತ್ತವೆ.

ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟು ಕೊಳ್ಳುವುದು ತಪ್ಪುವುದಿಲ್ಲ. ಡಾಕ್ಟರಿಗೆ ಒಂದು ಕಿಲೋ, ಸಿಸ್ಟರಿಗೆ ಅರ್ಧ, ಡ್ರೆಸಿಂಗ್ ಮಾಡುವ ಬ್ರದರಿಗೆ ಕಾಲು, ಗೇಟಿನ ವಾಚ್‌ಮನ್ನಿಗೆ ಪೊಟ್ಟಣ ಒಡೆದು ಎರಡು ತುಂಡು. ಅಂಟು, ಬೆಲ್ಲ, ತುಪ್ಪ, ಒಣಹಣ್ಣಿನ ಆ ಕರದಂಟನ್ನು ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಹೆಡ್ ಸಿಸ್ಟರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಮಾತ್ರ ಇಡೀ ವಾರ್ಡಿಗೆ ಗೊತ್ತಾಯಿತು. ಬಿಲ್ ಕೌಂಟರಿನ ಹುಡುಗನಿಗೆ ಕಾಕಾ ಇದುವರೆಗೆ ಒಂದು ತುಂಡೂ ಕೊಟ್ಟಿಲ್ಲ.

ಕೊರಳಲ್ಲಿ ಸೂಜಿ ಹಾಕಿದ ಡಾಕ್ಟರಮ್ಮನನ್ನು ಹುಡುಕಿದ್ದು ಬೇರೆಯೇ ಕಥೆ. ಮಾಸ್ಕಿನ ಮೇಲಿನ ಎರಡು ಕಣ್ಣು ಬಿಟ್ಟರೆ ಕಾಕಾ ಅವರ ಮುಖ ಕಂಡಿರಲಿಲ್ಲ. ಹೆಸರೂ ಗೊತ್ತಿಲ್ಲ. ಹಾಗಾಗಿ ದವಾಖಾನೆಯಲ್ಲಿ ಮಾಸ್ಕ್ ಹಾಕಿದ ಹೆಣ್ಣುಮಕ್ಕಳ ಕಣ್ಣನ್ನೇ ದಿಟ್ಟಿಸಿ, “ನೀವ ಅಲ್ರೀ ನನ್ನ ಕೈ ಸಾಯ್ಸಿದವ್ರು?” ಎಂದು ಕೇಳತೊಡಗಿದರು. ಲ್ಯಾಬಿನವರೊಬ್ಬರು ಹೆದರಿ ಸೆಕ್ಯೂರಿಟಿಯನ್ನು ಕರೆದರು. ಡಾಕ್ಟರಮ್ಮನಿಗೆಂದು ತಂದಿದ್ದ ಗುಳೇದಗುಡ್ಡದ ಖಣ ಕೊನೆಗೆ ಸೇರಿದ್ದು ರೋಗಿ ನೋಡಲು ಬಂದಿದ್ದ, ಯಾವ ಸೂಜಿಗೂ ಸಂಬಂಧವಿಲ್ಲದ ಗದ್ದನಕೇರಿಯ ಹೆಣ್ಣುಮಗಳೊಬ್ಬಳಿಗೆ. ಆಕೆ ಕೊಟ್ಟದ್ದನ್ನು ತೆಗೆದುಕೊಂಡು ಉಡಿ ತುಂಬಿಸಿಕೊಂಡು ಹೋದಳು.

ತಂಬಾಕು ಬಿಡಿ, ಎಲುಬು ಕೂಡಲು ತಡವಾಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಚಟ ಬಿಡಿಸುವ ವಿಷಯದಲ್ಲಿ ಇಳಕಲ್ಲು ಸಣ್ಣ ಊರಲ್ಲ. ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯಕ್ಕೆಲ್ಲ ವ್ಯಸನಮುಕ್ತ ದಿನ. ಕಾಕಾ ಆ ಜೋಳಿಗೆಯ ಮಹಿಮೆಯನ್ನು ವಾರ್ಡಿನಲ್ಲಿ ದಿನಾ ಬಣ್ಣಿಸುತ್ತಿದ್ದರು. ಒಂದು ದಿನ ಕೊರಳಿನಿಂದ ಕೈಗೆ ಕಟ್ಟಿದ ಜೋಳಿಗೆ ಸರಿಮಾಡಲು ಸಿಸ್ಟರ್ ಬಿಚ್ಚಿದಾಗ ಮೊಳಕೈ ಕೆಳಗಿನಿಂದ ತಂಬಾಕಿನ ಚೀಟು, ಸುಣ್ಣದ ಡಬ್ಬಿ ಉದುರಿದವು. ಕಾಕಾ ಕಣ್ಣು ಮುಚ್ಚಿಕೊಂಡು, “ಜೋಳಿಗ್ಯಾಗ ಹಾಕೇನ್ರೀ ಅಕ್ಕಾರ” ಎಂದರು.

ಕೈ ಸ್ವಲ್ಪ ಏಳತೊಡಗಿದ ಮೇಲೆ ಮೊಮ್ಮಗನನ್ನು ಕರೆದುಕೊಂಡು ಬನಶಂಕರಿಗೆ ಹರಕೆ ತೀರಿಸಲು ಹೋದರು. ಹಾಗೇ ಬಾದಾಮಿಯ ಮೊದಲನೆಯ ಗುಹೆಗೂ ಹತ್ತಿದರು. ಅಲ್ಲಿ ಕುಣಿಯುವ ಶಿವನಿಗೆ ಹದಿನೆಂಟು ಕೈ. “ನೋಡಪಾ, ಒಂದ ಮುರದ್ರ ಇನ್ನ ಹದಿನೇಳು. ನಮ್ಮಂಗ ದವಾಖಾನಿಗಿ ಓಡೂದಿಲ್ಲ.” ಮೊಮ್ಮಗ, “ಹದಿನೆಂಟೂ ಮುರದ್ರ ಕರದಂಟ ಎಷ್ಟ ಬೇಕಾಗ್ತೇತಿ ಅಜ್ಜಾ?” ಎಂದ. ಕಾಕಾ ಉತ್ತರ ಕೊಡಲಿಲ್ಲ. ಐಹೊಳೆಯಲ್ಲಿ ತೋಳು ಮುರಿದ ಮೂರ್ತಿಗಳ ಮುಂದೆ ಮಾತ್ರ ಬಹಳ ಹೊತ್ತು ನಿಂತು, ಮುರಿತದ ಜಾಗವನ್ನು ಬಲ್ಲವರ ಗತ್ತಿನಲ್ಲಿ ನೋಡಿದರಂತೆ.

ಅದೇ ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಶಾಸನ ಬರೆಯಿಸಿದ. ಕಾಕಾನ ಕಾಲಕ್ಕೆ ಕಲ್ಲಿನ ಜಾಗಕ್ಕೆ ಫ್ಲೆಕ್ಸ್ ಬಂದಿದೆ. ‘ನಮ್ಮ ಪಾಲಿನ ದೇವರು’ ಎಂಬ ತಲೆಬರಹ, ಕೆಳಗೆ ಡಾಕ್ಟರ ಸಣ್ಣ ಭಾವಚಿತ್ರ, ಅದರ ಎರಡರಷ್ಟು ದೊಡ್ಡದಾಗಿ ಕೈ ಮುಗಿದು ನಿಂತ ಕಾಕಾ, ನಡುವೆ ಎಕ್ಸ್‌ರೇ. ಇದಕ್ಕೆ ನಗುವಂತಿಲ್ಲ. ರವಿಕೀರ್ತಿಯೂ ರಾಜನನ್ನು ಹೊಗಳಿ ಮುಗಿಸುವಾಗ ತಾನು ಕಾಳಿದಾಸ, ಭಾರವಿಯರ ಸಾಲಿನವನೆಂದು ಸೇರಿಸಿಕೊಂಡಿದ್ದಾನೆ.

ನಾಲ್ಕು ಜನರಿಗೆ ಉಪಕಾರವಾಗಲಿ ಎಂದು ಫ್ಲೆಕ್ಸಿನ ತಳದಲ್ಲಿ ಡಾಕ್ಟರ ಮೊಬೈಲ್ ನಂಬರನ್ನೂ ಹಾಕಿಸಿದ್ದರು. ಅಂದಿನಿಂದ ಆ ಎಲುಬಿನ ಡಾಕ್ಟರಿಗೆ ಹಲ್ಲುನೋವಿನವರು, ರೇಷನ್ ಕಾರ್ಡ್ ಕಳೆದುಕೊಂಡವರು, ಹಾಲು ಕೊಡದ ಎಮ್ಮೆಯವರು ಎಲ್ಲ ಫೋನ್ ಮಾಡತೊಡಗಿದರು.

ಒಂದು ದಿನ ನಳಕ್ಕೆ ನೀರು ಬಂದಾಗ ಆ ನಂಬರಿಗೆ ಕಾಕು ಫೋನ್ ಮಾಡಿದರು. ಕೈ ಮುರಿದ ದಿನದಿಂದ ಕಾಕಾಗೆ ಅಂಗಿಯ ಗುಂಡಿ ಹಾಕಿದವರು, ರೊಟ್ಟಿ ಮುರಿದು ಕೊಟ್ಟವರು, ಪಾಯಜಾಮದ ಲಾಡಿ ಕಟ್ಟಿದವರು ಅವರೇ. ಫ್ಲೆಕ್ಸಿನಲ್ಲಿ ಅವರಿರಲಿಲ್ಲ. “ಸಾಹೇಬ್ರ, ಎಲಬ ಪೂರಾ ಕೂಡೇತಿ ಅಂತ ನೀವ ಹೇಳೀರಂತ. ನಮ್ಮನಿಯವ್ರು ಕೈ ಮುಗೀಲಿಕ್ಕಿ ಬರ್ತೇತಿ, ಕೊಡ ಎತ್ತಲಿಕ್ಕಿ ಬರೂದಿಲ್ಲ ಅಂತಾರ. ಭಾರ ಎತ್ತಬ್ಯಾಡ ಅಂತ ನೀವ ಅಂದೀರೇನ್ರಿ?”

ಡಾಕ್ಟರಿಗೂ ಒಂದು ಅವಕಾಶ ಬೇಕಿತ್ತು.

“ಹಂಗೇನಿಲ್ರೀ ಅಮ್ಮಾ. ಇವತ್ತು ಎರಡು ಕೊಡ ಎತ್ತಿಸ್ರಿ. ನಾಳಿಂದ ನಾಲ್ಕು.”