ಧಕ್ಕೆಯ ಎಂಜಿನ್ ಪಂಡಿತರು

ಆಗಸ್ಟ್ ಬಂತೆಂದರೆ ಮಲ್ಪೆ, ಗಂಗೊಳ್ಳಿ, ತದಡಿ, ಯಾವ ಧಕ್ಕೆಗೆ ಹೋದರೂ ಎಂಜಿನ್ ಪಂಡಿತರೊಬ್ಬರು ಸಿಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ 61 ದಿನ ಬೋಟುಗಳ ಜತೆ ಇವರ ವಿದ್ಯೆಯೂ ಲಂಗರು ಹಾಕಿರುತ್ತದೆ. ಹಳೇ ಬೋಟೊಂದರ ಎಂಜಿನ್ ಎರಡು ಸಲ ಗುರುಗುಟ್ಟಿ ನಿಂತಿತೋ, ಪಂಡಿತರು ಚಾಲೂ.

ಇವರಿಗೆ ಸ್ವಂತ ಬೋಟಿಲ್ಲ. ಕೈಗೆ ಗ್ರೀಸ್ ಮೆತ್ತಿಕೊಂಡದ್ದನ್ನು ಕಂಡವರಿಲ್ಲ. ಎಂಜಿನ್ ಕೋಣೆಗೆ ಇಳಿಯುವ ಪದ್ಧತಿಯೂ ಇಲ್ಲ. ಧಕ್ಕೆಯ ಮೇಲೇ ನಿಂತು, ಕೊಡೆಯ ತುದಿಯಿಂದ ತೋರಿಸಿ, ಎಲೆಯಡಿಕೆ ಉಗಿದು ತೀರ್ಪು ಕೊಡುತ್ತಾರೆ: "ಪಂಪು ಹೋಯ್ತು ಮಾರಾಯ!"

ಹೊಗೆ ಕಪ್ಪಾದರೂ ಪಂಪು, ಬಿಳಿಯಾದರೂ ಪಂಪು, ಹೊಗೆಯೇ ಬರದಿದ್ದರೆ ಖಂಡಿತ ಪಂಪು. ಡೀಸೆಲ್ ಸಾಗುವ ದಾರಿಯಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು ಇಂಜೆಕ್ಷನ್ ಪಂಪು. ಪಂಡಿತರ ತನಿಖೆ ಶುರುವಾಗುವುದೂ ಮುಗಿಯುವುದೂ ಅಲ್ಲೇ. ವಾಷರ್, ಪೈಪು, ಫಿಲ್ಟರ್ ಎಲ್ಲ ಚಿಲ್ಲರೆ ಕಾಯಿಲೆಗಳು. ಅವನ್ನು ಹೇಳಲು ಪಂಡಿತರೇ ಬೇಕೆ? ಧಣಿಯ ಮುಖ ಬಿಳಿಚಿಕೊಂಡಷ್ಟೂ ತೀರ್ಪಿಗೆ ತೂಕ.

ಅಷ್ಟರಲ್ಲಿ ಮೆಕ್ಯಾನಿಕ್ ಬರುತ್ತಾನೆ. ಮಾತು ಕಡಿಮೆ, ಅದೇ ಅವನ ದೋಷ. ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾನೆ. ಡೀಸೆಲ್ ಬುಳುಬುಳು ನೊರೆಯಾಗಿ ಬರುತ್ತದೆ. ನೊರೆ ನಿಂತ ಮೇಲೆ ಬಿಗಿಮಾಡುತ್ತಾನೆ. ಎಂಜಿನ್ ಶುರುವಾಗಿ ಐದೇ ನಿಮಿಷಕ್ಕೆ ಮತ್ತೆ ನಿಲ್ಲುತ್ತದೆ.

"ನಾನು ಹೇಳಿದ್ದಲ್ವಾ?"

ಮೆಕ್ಯಾನಿಕ್ ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತಂದು, ಹೊಸ ಪೈಪು ಹಾಕಿ, ಟ್ಯಾಂಕನ್ನೇ ಬಿಟ್ಟು, ಡೀಸೆಲ್ ಎಳೆದುಕೊಳ್ಳುವ ಫೀಡ್ ಪಂಪಿಗೆ ನೇರ ಕೊಡುತ್ತಾನೆ. ಎಂಜಿನ್ ಗಟ್ಟಿ ದನಿಯಲ್ಲಿ ಓಡತೊಡಗುತ್ತದೆ. ಅಂದಮೇಲೆ ಕಳ್ಳ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ. ಹುಡುಕಿದರೆ ಸಿಗುವುದು ಬಿರಿದ ರಬ್ಬರ್ ಪೈಪು.

"ಪೈಪು ತೂತಾಗಿದ್ರೆ ಡೀಸೆಲ್ ಸೋರಬೇಕಲ್ಲ?" ಪಂಡಿತರ ಪಾಟೀಸವಾಲು.

"ಇದು ಎಳೆಯುವ ಪೈಪು ಮಾರಾಯ್ರೆ. ಡೀಸೆಲ್ ಹೊರಗೆ ಬರೂದಿಲ್ಲ, ಗಾಳಿ ಒಳಗೆ ಹೋಗ್ತದೆ."

ಪಂಡಿತರು ತಲೆಯಾಡಿಸುತ್ತಾರೆ, ಒಪ್ಪಿ ಅಲ್ಲ, ಈಗಿನ ಕಾಲದ ಹುಡುಗರ ಬಗ್ಗೆ ಮರುಕದಿಂದ.

ಮರುವಾರ ಇನ್ನೊಂದು ಬೋಟು. ಧಕ್ಕೆಯಲ್ಲಿ ಗಂಟೆಗಟ್ಟಲೆ ಓಡುವ ಎಂಜಿನ್ ಅಳಿವೆ ದಾಟಿ ಅಲೆಗೆ ಸಿಕ್ಕ ಕೂಡಲೇ ನಿಲ್ಲುತ್ತದಂತೆ. ಪಂಡಿತರ ಸಂಶೋಧನೆ ಸಿದ್ಧ: "ಈ ಪಂಪಿಗೆ ಅಲೆ ಆಗಿಬರುದಿಲ್ಲ." ಮೆಕ್ಯಾನಿಕ್ ಟ್ಯಾಂಕಿನ ತಳದ ಬಿರಡೆ ಬಿಚ್ಚುತ್ತಾನೆ. ಮೊದಲು ನೀರು, ಆಮೇಲೆ ಕಾಫಿ ಗಸಿಯಂಥ ಕೆಸರು, ಕೊನೆಗೆ ಡೀಸೆಲ್. ಅರ್ಧ ಖಾಲಿ ಟ್ಯಾಂಕಿನಲ್ಲಿ ಮಳೆಗಾಲದ ತೇವ ನೀರಾಗಿ ತಳ ಸೇರಿದೆ. ಬೋಟು ಹೊಯ್ದಾಡಿದಾಗ ಕೆಸರೆಲ್ಲ ಎದ್ದು ಫಿಲ್ಟರ್ ಕಟ್ಟಿಕೊಂಡಿದೆ. ಸುತ್ತ ನಿಂತ ಕಲಾಸಿಗಳು ಪಂಡಿತರ ಮುಖ ನೋಡುತ್ತಾರೆ.

"ಇಷ್ಟು ಕೆಸರು ಕುಡಿದ ಪಂಪು ಇನ್ನು ಎಷ್ಟು ದಿವಸ ಬರ್ತದೆ ನೋಡುವ," ಎನ್ನುತ್ತಾ ಪಂಡಿತರು ಬೋಟು ನಡೆಸುವ ತಾಂಡೇಲ ಕೊಟ್ಟ ನಾಲ್ಕು ಬಂಗುಡೆ ಚೀಲಕ್ಕಿಳಿಸುತ್ತಾರೆ.

ಇವರನ್ನು ಸೋಲಿಸುವುದು ಕಷ್ಟ. ಜಗತ್ತಿನಲ್ಲಿ ಯಾವ ಪಂಪೂ ಚಿರಂಜೀವಿಯಲ್ಲ. ಹತ್ತು ವರ್ಷದ ಮೇಲಾದರೂ ಅದು ಕೆಡಲೇಬೇಕು. ಅಂದು ಇಡೀ ಬಂದರಿನಲ್ಲಿ "ನಾನು ಆವತ್ತೇ ಹೇಳಿದ್ದೆ" ಎನ್ನಲು ಹಕ್ಕಿರುವ ಮನುಷ್ಯ ಇವರೊಬ್ಬರೇ.