ಆರನೆಯ ಸೂತ್ರ

‘ಜೀವನಪರ್ಯಂತ ಕಲಿಕೆ’ ಎಂಬ ಆನ್‌ಲೈನ್ ಕೋರ್ಸನ್ನು ನಮ್ಮ ಗ್ರಂಥಪಾಲಕ ಸಾಹೇಬರು ಹನ್ನೊಂದರ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಮುಗಿಸಿದರು. ವಿಡಿಯೊ ತನ್ನ ಪಾಡಿಗೆ ತಾನು ಓಡುತ್ತಿತ್ತು, ದನಿ ಬಂದ್ ಆಗಿತ್ತು, ಸಾಹೇಬರು ಪಕ್ಕದ ಟೇಬಲ್ಲಿನಲ್ಲಿ ಡಿಎ ಬಾಕಿಯ ಲೆಕ್ಕ ಹಾಕುತ್ತಿದ್ದರು. ಕೊನೆಯ ಪ್ರಶ್ನೆಗಳಿಗೆ ಉತ್ತರ ವಾಟ್ಸ್‌ಆ್ಯಪ್ ಗ್ರೂಪಿಗೆ ಮೊದಲೇ ಬಂದಿತ್ತು: ಒಂದಕ್ಕೆ ಬಿ, ಎರಡಕ್ಕೆ ಡಿ, ಮೂರಕ್ಕೆ ‘ಮೇಲಿನ ಎಲ್ಲವೂ’. ಆಫೀಸಿನ ಪ್ರಿಂಟರ್ ಕೆಟ್ಟಿದ್ದರಿಂದ ಸರ್ಟಿಫಿಕೇಟನ್ನು ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ಸರ್ವಿಸ್ ರಿಜಿಸ್ಟರಿಗೆ ಅಂಟಿಸಲಾಯಿತು. ಊಟ ಬಿಸಿಯಾಗಿಯೇ ಇತ್ತು.

ಇವರು ಯಾವ ಊರಿನವರು ಎಂದು ಹುಡುಕಬೇಡಿ. ನಿಮ್ಮ ಊರಿನವರೇ.

ಓದುಗರ ವಿಷಯಕ್ಕೆ ಬಂದರೆ ಸಾಹೇಬರಷ್ಟು ಕಲಿಕೆಯ ಪರ ಇರುವವರು ಇನ್ನೊಬ್ಬರಿಲ್ಲ. “ಕಲಿಯೋಕೆ ವಯಸ್ಸು ಅಂತ ಇಲ್ಲ ಕಣ್ರಪ್ಪ” ಎಂದು ಕೆಎಎಸ್‌ಗೆ ಓದುವ ಹುಡುಗರಿಗೆ ದಿನಾ ಹೇಳುತ್ತಾರೆ. ಆ ಹುಡುಗರಲ್ಲೊಬ್ಬ ಒಮ್ಮೆ, “ಸಾರ್, ಬಾರ್‌ಕೋಡ್ ಸ್ಕ್ಯಾನರ್ ಹಂಗೇ ಡಬ್ಬಿಯಲ್ಲಿದೆ, ತೋರಿಸಿಕೊಡ್ಲಾ?” ಎಂದ. “ನಂಗ್ಯಾಕಪ್ಪ ಈ ವಯಸ್ಸಲ್ಲಿ ಅದೆಲ್ಲ? ಇನ್ನು ಹದಿನೆಂಟು ವರ್ಷ ಸರ್ವಿಸ್ ಅಷ್ಟೆ. ಹೆಂಗೋ ಕಳೆದುಹೋಗುತ್ತೆ.”

ಸಾಹೇಬರ ತಲೆಯ ಮೇಲೆ ಎಸ್. ಆರ್. ರಂಗನಾಥನ್ ಅವರ ಫೋಟೊ ಇದೆ, ಪಕ್ಕದ ಗೋಡೆಯಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳನ್ನು ಬಣ್ಣದಲ್ಲಿ ಬರೆಸಿದ್ದಾರೆ. ಪುಣ್ಯಕ್ಕೆ ಫೋಟೊ ಮಾತಾಡುವುದಿಲ್ಲ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಆತ ಗಣಿತದ ಮೇಷ್ಟ್ರು, ಗ್ರಂಥಾಲಯದ ಕಸುಬು ಗೊತ್ತಿರಲಿಲ್ಲ. ಕಲಿಯಲು ಲಂಡನ್ನಿಗೆ ಹೋದರು. ಅಲ್ಲಿನ ಅಂಗಡಿಯೊಂದರಲ್ಲಿ ಮಕ್ಕಳ ಮೆಕ್ಯಾನೊ ಆಟಿಕೆ ಕಂಡು, ಅವೇ ತುಂಡುಗಳನ್ನು ಬೇರೆ ಬೇರೆ ಥರ ಜೋಡಿಸಬಹುದಾದರೆ ಪುಸ್ತಕದ ವಿಷಯಗಳನ್ನೂ ಹಾಗೇ ಜೋಡಿಸಬಹುದಲ್ಲ ಎಂದು ಹೊಳೆಯಿತು. 1933ರಲ್ಲಿ ಕೋಲನ್ ವರ್ಗೀಕರಣ ಬಂತು. ಎಪ್ಪತ್ತರ ಹೊಸ್ತಿಲಲ್ಲಿ, 1962ರಲ್ಲಿ, ಬೆಂಗಳೂರಿನಲ್ಲಿ ಡಾಕ್ಯುಮೆಂಟೇಶನ್ ಸಂಶೋಧನೆ ಮತ್ತು ತರಬೇತಿಗೆಂದೇ ಒಂದು ಕೇಂದ್ರ ಕಟ್ಟಿದರು. ಇಂಥವರು ಇವತ್ತು ಅರ್ಜಿ ಹಾಕಿದರೆ ಬಿ.ಲಿಬ್ ಇಲ್ಲವೆಂದು ಮೊದಲ ಸುತ್ತಿನಲ್ಲೇ ಹೊರಗೆ. ಆಟಿಕೆ ಅಂಗಡಿಗೆ ಹೋಗಿಬಂದ ಟಿಎ ಬಿಲ್ ಅಂತೂ ಪಾಸಾಗುವ ಮಾತೇ ಇಲ್ಲ.

ಕಂಪ್ಯೂಟರ್ ಇದೆ. ಆಯುಧಪೂಜೆಗೆ ಹಚ್ಚಿದ ಕುಂಕುಮ ಮಾನಿಟರಿನ ಹಣೆಯಲ್ಲಿ ಇನ್ನೂ ಇದೆ. ಅದಕ್ಕೆ ವರ್ಷಕ್ಕೊಮ್ಮೆ ನಡೆಯುವ ಸರ್ವಿಸಿಂಗ್ ಅದೊಂದೇ. ಪುಸ್ತಕಗಳ ಹೆಸರು ಅದರೊಳಗೆ ಸೇರಿವೆ. ಅರ್ಧ ಪುಸ್ತಕಗಳದ್ದು ಹಳೆಯ ‘ನುಡಿ’ಯಲ್ಲಿ, ಯೂನಿಕೋಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಉಳಿದರ್ಧ ಇಂಗ್ಲಿಷ್ ಅಕ್ಷರದಲ್ಲಿ. ‘ಮದುಮಗಳು’ ಬರೆಯಲು ಎಷ್ಟು ‘ಎ’ ಹಾಕಿದ್ದ ಎಂಬುದು ಏರಿಸಿದ ಗುತ್ತಿಗೆ ಹುಡುಗನಿಗೆ ಮಾತ್ರ ಗೊತ್ತು, ಅವನೀಗ ಬೈಕಿನಲ್ಲಿ ಬಿರಿಯಾನಿ ತಲುಪಿಸುತ್ತಿದ್ದಾನೆ. ಹಾಗಾಗಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೇಳಿಕೊಂಡು ಬಂದ ಹುಡುಗಿಗೆ “ಸಿಸ್ಟಮ್‌ನಲ್ಲಿ ಇಲ್ಲಮ್ಮ” ಎಂಬ ಉತ್ತರ. ಪುಸ್ತಕ ಸಾಹೇಬರ ಬೆನ್ನ ಹಿಂದಿನ ರ‍್ಯಾಕಿನಲ್ಲೇ ಇದೆ. ತಿರುಗಿ ನೋಡಬಹುದಿತ್ತು, ಆದರೆ ಅದು ಹಳೆಯ ತಂತ್ರಜ್ಞಾನ. ಕ್ಯಾಟಲಾಗ್ ಕಾರ್ಡುಗಳು ಗುಜರಿಗೆ ಹೋಗಿ, ಅವುಗಳ ಡ್ರಾಯರಿನಲ್ಲಿ ಈಗ ರಬ್ಬರ್ ಸ್ಟಾಂಪು, ಗೋಂದು, ಸಾಹೇಬರ ಬಿಪಿ ಮಾತ್ರೆ. ಓದುಗರ ಸಮಯ ಉಳಿಸಬೇಕು ಎನ್ನುವ ನಾಲ್ಕನೆಯ ಸೂತ್ರ ಸರಿಯಾಗಿ ಈ ಡ್ರಾಯರಿನ ಮೇಲಿದೆ.

2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಬಂತು. ಎಷ್ಟು ಜನ ಸದಸ್ಯರಾದರು ಎಂದು ಮೇಲಿನವರು ಕೇಳಿದರು. ಎಷ್ಟು ಪುಟ ಓದಿದರು ಎಂದು ಯಾರೂ ಕೇಳಲಿಲ್ಲ. ಸಾಹೇಬರು ದಡ್ಡರಲ್ಲ, ಕೇಳಿದ್ದನ್ನು ಕೊಟ್ಟರು. ಸೋದರತ್ತೆ, ಭಾವಮೈದ, ಟೀ ಅಂಗಡಿಯವನು ಎಲ್ಲರೂ ಸದಸ್ಯರಾದರು. ಒಟಿಪಿ ಹೇಳುವುದನ್ನಾದರೂ ಊರಿಗೆ ಊರೇ ಕಲಿಯಿತು.

ಸಾಹೇಬರೊಬ್ಬರನ್ನೇ ಬಯ್ಯುವುದು ಸುಲಭ, ಸ್ವಲ್ಪ ಅಗ್ಗವೂ ಹೌದು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ವಸೂಲಿ ಮಾಡಿದ ಸ್ಥಳೀಯ ಸಂಸ್ಥೆಗಳಿಗೆ ಅದನ್ನು ಗ್ರಂಥಾಲಯ ಇಲಾಖೆಗೆ ದಾಟಿಸಲು ಮಾತ್ರ ಮನಸ್ಸು ಬರುವುದಿಲ್ಲ, ಬಾಕಿ ಕೋಟಿಗಳಲ್ಲಿ ಬೆಳೆಯುತ್ತದೆ. ಸ್ಕ್ಯಾನರ್ ಕೊಡುವವರು ಯುಪಿಎಸ್ ಬ್ಯಾಟರಿ ಸತ್ತರೆ ಯಾರು ಹಾಕಿಸಬೇಕು ಎಂದು ಹೇಳಿಲ್ಲ. ಕಲಿತವನಿಗೂ ಅದೇ ಸಂಬಳ, ಕಲಿಯದವನಿಗೂ ಅದೇ ಇನ್‌ಕ್ರಿಮೆಂಟು. ಇಂಥ ಕಡೆ ಕಲಿಯುವವನೇ ಅನುಮಾನಾಸ್ಪದ ವ್ಯಕ್ತಿ.

ಅನುಮಾನಾಸ್ಪದ ವ್ಯಕ್ತಿಗಳು ಇಲ್ಲದಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು, ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಹತ್ತಿರದ ಹಳ್ಳಿಯ ಅಂಥದ್ದೊಂದರಲ್ಲಿ ವರ್ಷಗಟ್ಟಲೆ ಗೌರವಧನಕ್ಕೆ ದುಡಿದ ಮೇಲ್ವಿಚಾರಕಿಯೊಬ್ಬರು ಸ್ವಂತ ಮೊಬೈಲು, ಸ್ವಂತ ಡೇಟಾ ಖರ್ಚು ಮಾಡಿ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಾರೆ, ಹಾಲ್ ಟಿಕೆಟ್ ತೆಗೆದುಕೊಡುತ್ತಾರೆ. ಎಲ್ಲಿ ಕಲಿತಿರಿ ಎಂದರೆ, “ಮಕ್ಕಳು ಕೇಳಿದ್ರು ಸಾರ್, ಬರಲ್ಲ ಅನ್ನೋಕೆ ನಾಚಿಕೆ ಆಯ್ತು.” ಸಾಹೇಬರ ಮುಂದೆ ಇದನ್ನು ಹೇಳಿದರೆ ಅವರು ನಕ್ಕುಬಿಟ್ಟರು: “ಅವರಿಗೇನು, ಬೇರೆ ಕೆಲಸ ಇಲ್ಲ.”

ಆದರೆ ಈಚೆಗೆ ಸಾಹೇಬರು ಬದಲಾಗಿದ್ದಾರೆ. ಕೃತಕ ಬುದ್ಧಿಮತ್ತೆಯನ್ನು ಅವರು ಒಂದೇ ದಿನದಲ್ಲಿ ಕಲಿತರು, ಯಾಕೆಂದರೆ ಅದು ಬಂದ ಮೇಲೆ ಬೇರೇನನ್ನೂ ಕಲಿಯಬೇಕಿಲ್ಲ. ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ ಭಾಷಣ ಬರೆದುಕೊಡು ಎಂದರು, ಬರೆದುಕೊಟ್ಟಿತು. ರಂಗನಾಥನ್ ಅವರ ‘ಆರು ಅಮರ ಸೂತ್ರಗಳು’ ಎಂದು ಶುರುವಾಗುವ ಭಾಷಣವನ್ನು ಸಾಹೇಬರು ಭಾವತುಂಬಿ ಓದಿದರು. ಮುಂದಿನ ಸಾಲಿನ ಗಣ್ಯರು ಚಪ್ಪಾಳೆ ತಟ್ಟಿದರು. ಮರುವಾರ ಪೇಂಟರ್ ಬಂದು ಐದರ ಕೆಳಗೆ ಆರನೆಯದನ್ನೂ ಬರೆದು ಬಿಲ್ ಕೊಟ್ಟುಹೋದ: ಪ್ರತಿ ಓದುಗನಿಗೂ ಒಂದು ಆ್ಯಪ್.

ಕೆಎಎಸ್ ಹುಡುಗ ಗೋಡೆ ನೋಡಿ ತಲೆ ಕೆರೆದುಕೊಂಡ. “ಸಾರ್, ಸೂತ್ರ ಐದೇ ಅಲ್ವಾ?”

“ಅದು ಹಳೇ ಸಿಲಬಸ್ ಕಣಪ್ಪ” ಎಂದರು ಸಾಹೇಬರು. “ನೀವೆಲ್ಲ ಸ್ವಲ್ಪ ಅಪ್‌ಡೇಟ್ ಆಗಬೇಕು.”